4ನೇ ಕ್ರಾಸ್ ನಿವಾಸಿಗಳು: 118ರ ಪಾರ್ಸೆಲ್ ಯಾರ ಮನೇಲಿದೆ?

ಸುಮಾ (118), ರಾತ್ರಿ 11:52
ನಮ್ಮ ಪಾರ್ಸೆಲ್ ಯಾರ ಮನೇಲಿದೆ? ಅತ್ತೆಯವರ ಇನ್ಸುಲಿನ್ ಅದು. ಸಂಜೆ ಆರೂವರೆಗೆ "ಮನೆಯವರ ಕೈಗೆ ಕೊಡಲಾಗಿದೆ" ಅಂತ ಮೆಸೇಜು. ಯಾವ ಮನೆಯವರ ಕೈಗೆ? ಮಳೇಲಿ ಛತ್ರಿ ಹಿಡ್ಕೊಂಡು ಬೀದಿಯೆಲ್ಲ ಸುತ್ತಿದೀನಿ. ಇಬ್ಬರು ಬಾಗಿಲೇ ತೆಗೀಲಿಲ್ಲ, ಒಳಗೆ ಟಿವಿ ಓಡ್ತಿತ್ತು. ಹೋದ ಸಲ ನನ್ನ ಸೀರೆ ಎಷ್ಟು ದಿನ ಯಾರ ಮನೇಲಿ ಕೂತಿತ್ತು ಅಂತ ಎಲ್ಲರಿಗೂ ಗೊತ್ತು. ಬಾಯಿ ಬಿಡಿಸಬೇಡಿ.

ಪದ್ಮಾ ಆಂಟಿ (ಕಾರ್ನರ್ ಮನೆ), 11:58
ಸೀರೆ ಮಾತು ನನಗೇ ಅಂತ ಅರ್ಥ ಆಯ್ತು ಸುಮಾ. ನಾವು ಧರ್ಮಸ್ಥಳಕ್ಕೆ ಹೋಗಿದ್ವಿ. ಬಂದ ದಿನಾನೇ ತಂದ್ಕೊಟ್ಟಿದೀನಿ, ಕವರ್ ಕೂಡ ಒಡೆದಿರಲಿಲ್ಲ.

ಸುಮಾ, 11:59
ಒಡೆದಿದ್ರಿ ಅಂತ ನಾನಂದ್ನಾ ಆಂಟಿ?

ಮೂರ್ತಿ ಸರ್ (ಕಾರ್ಯದರ್ಶಿ), 12:04
ದಯವಿಟ್ಟು ಎಲ್ಲರೂ ಸಮಾಧಾನ. ಮೂಲ ಕಾರಣ ನಂಬರು. ಅರ್ಧ ಜನ ಗೇಟಿಗೆ ಮುಡಾ ಸೈಟ್ ನಂಬರ್ ಹಾಕಿದೀರಿ, ಇನ್ನರ್ಧ ಜನ ಕಂದಾಯ ಕಟ್ಟೋ ಡೋರ್ ನಂಬರ್. ಒಂದೇ ಬೀದೀಲಿ ಎರಡು 118! ಡೆಲಿವರಿ ಹುಡುಗ ಏನು ಮಾಡ್ತಾನೆ ಪಾಪ. ಎಲ್ಲರಿಗೂ ಒಂದೇ ಥರ ಬೋರ್ಡ್ ಮಾಡಿಸೋಣ ಅಂತ ತಲಾ 300 ಕೇಳಿದೆ. ಯಾರು ಕೊಡಲಿಲ್ಲ ಅನ್ನೋ ಪಟ್ಟಿ ನನ್ನ ಹತ್ರ ಇದೆ.

ಬಸವರಾಜ (ಮಹಡಿ ಬಾಡಿಗೆ), 12:06
ಅಕ್ಕಾರ, ಒಂದು ಥರ್ಮಾಕೋಲ್ ಡಬ್ಬಿ ನಮ್ಮನ್ಯಾಗ ಐತ್ರಿ. ಏಳೂವರಿಗೇ ಗ್ರೂಪಿನ್ಯಾಗ ಹಾಕೇನಿ, ಮ್ಯಾಲೆ ನೋಡ್ರಿ.

ರಘು (ಪಾರ್ಕ್ ಎದುರು), 12:07
ಕೊಟ್ಟವರ 300 ಎಲ್ಲಿ ಹೋಯ್ತು ಅಂತ ಮೊದಲು ಹೇಳಿ ಸರ್. ನಾನು ಕೊಟ್ಟಿದೀನಿ. ನನ್ನ ಬೋರ್ಡ್ ಎಲ್ಲಿ?

ಮೂರ್ತಿ ಸರ್, 12:09
ಗಣಪತಿ ಶಾಮಿಯಾನಕ್ಕೆ ಕೈಸಾಲ ಅಂತ ತಗೊಂಡಿದ್ದು. ಸಭೇಲಿ ಓದಿ ಹೇಳಿದೀನಿ. ತಾವು ಸಭೆಗೂ ಬರಲ್ಲ, ಪಾನಕಕ್ಕೆ ಮಾತ್ರ ಬರ್ತೀರಿ.

ರಘು, 12:10
ಪಾನಕದ ಲೆಕ್ಕಾನೂ ಇಟ್ಟಿದೀರಾ! ಶಾಮಿಯಾನದ್ದು ಇಲ್ಲ.

ಸುಮಾ, 12:12
ಡೆಲಿವರಿಯವರು ಕಳಿಸಿದ ಫೋಟೋ ಇದು. ಯಾರ ಗೇಟು ಅಂತ ಹೇಳಿ ಸಾಕು. ಕತ್ತಲೆ, ನಂಬರೇ ಕಾಣ್ತಿಲ್ಲ.

ಪ್ರಸನ್ನ (ಪಿಜಿ ಪಕ್ಕ), 12:14
ಗೇಟ್ ಗೊತ್ತಿಲ್ಲ. ಆದ್ರೆ ಎಡಗಡೆ ಇರೋ ಕಂದು ಚಪ್ಪಲಿ ನಂದು! ಯುಗಾದಿಯಿಂದ ಹುಡುಕ್ತಿದೀನಿ 😂

ಪೋಸ್ಟ್ ಮಾಸ್ಟರ್ ಅಂಕಲ್, 12:17
ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಅದು ಬಂದ ಮೇಲೂ ನಮ್ಮ ಪೋಸ್ಟ್‌ಮ್ಯಾನ್‌ಗಳು ಹೆಸರು ನೋಡಿಯೇ ಕಾಗದ ಹಂಚೋರು. ಈಗಿನ ಹುಡುಗರಿಗೆ ದಿನಕ್ಕೊಂದು ಏರಿಯಾ. ಬೈದು ಫಲವಿಲ್ಲ.

ಪ್ರಸನ್ನ, 12:18
*ಫಾರ್ವರ್ಡ್ ಆಗಿದೆ:* ಅಂಚೆ ಇಲಾಖೆಯ ಡಿಜಿಪಿನ್! ದೇಶದ ಪ್ರತಿ 4 ಮೀಟರ್ ಚೌಕಕ್ಕೂ 10 ಅಕ್ಷರದ ವಿಳಾಸ! ಕೂಡಲೇ 10 ಜನರಿಗೆ ಕಳಿಸಿ 🙏

ರಘು, 12:19
ನಾಲ್ಕು ಮೀಟರ್ ಅಂದ್ರೆ ಒಂದು ಸೈಟಿಗೆ ಏಳೆಂಟು ನಂಬರ್ ಆಯ್ತು. ಎರಡಕ್ಕೇ ಈ ಗತಿ.

ಡಾ. ಮೇಡಂ (2ನೇ ಮಹಡಿ), 12:21
ಎಲ್ಲರೂ ಸ್ವಲ್ಪ ನಿಲ್ಲಿಸಿ. ಬಸವರಾಜ್ ಅವರು ಡಬ್ಬಿ ನಮ್ಮಲ್ಲಿದೆ ಅಂತಿದಾರೆ, ಯಾರೂ ಓದ್ತಿಲ್ಲ. ಬಸವರಾಜ್, ಎಲ್ಲಿಟ್ಟಿದೀರಿ? ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರೀಲಿ ಇರಬೇಕು. ಫ್ರೀಜರ್‌ಗೆ ಹಾಕಿ ಹೆಪ್ಪುಗಟ್ಟಿದ್ರೆ ಬಿಸಾಕಬೇಕು.

ಬಸವರಾಜ, 12:22
ಇಲ್ರಿ, ಕೆಳಗ ಮಸರಿನ ಬಾಜೂಕ ಇಟ್ಟೇನ್ರಿ. ಡಬ್ಬಿ ಮ್ಯಾಲೆ ತಂಪಿನ್ಯಾಗ ಇಡ್ರಿ ಅಂತ ಬರದಿತ್ತು. ನಮ್ ಗೇಟಿಗೂ 118 ಐತಿ, ಅದಕ್ಕ ಕೊಟ್ಟು ಹೋದ. ಚಪ್ಪಲೀನೂ ಇಲ್ಲೇ ಅದಾವ್ರಿ, ಯಾರ್ವು ಅಂತ ನಮಗೂ ತಿಳೀವಲ್ದು.

ಸುಮಾ, 12:23
ಅಯ್ಯೋ. ಏಳೂವರೆ ಮೆಸೇಜು ಪದ್ಮಾ ಆಂಟಿ ಮೊಮ್ಮಗಳ ಹುಟ್ಟುಹಬ್ಬದ ಕೇಕುಗಳ ಕೆಳಗೆ ಹೂತು ಹೋಗಿದೆ. ಬರ್ತಿದೀನಿ ಬಸವರಾಜ್ ಅವರೇ, ಗೇಟ್ ತೆಗೀರಿ.

ಪದ್ಮಾ ಆಂಟಿ, 12:25
ಈಗ ಮೊಮ್ಮಗಳದೂ ತಪ್ಪು.

ಮೂರ್ತಿ ಸರ್, 12:31
ವಿಷಯ ಮುಗೀಲಿಲ್ಲ. ಫೋಟೋದಲ್ಲಿ ನಂಬರ್ ಯಾಕೆ ಕಾಣಲಿಲ್ಲ? ಬೀದಿ ದೀಪ ಹೊಂಗೆ ಕೊಂಬೆ ಒಳಗೆ ಸೇರ್ಕೊಂಡಿದೆ. ನಾಳೆನೇ ಆಳು ಕರೆಸಿ ಕಡಿಸ್ತೀನಿ.

ಪೋಸ್ಟ್ ಮಾಸ್ಟರ್ ಅಂಕಲ್, 12:34
ಹಾಗೆಲ್ಲ ಕಡಿಯೋ ಹಾಗಿಲ್ಲ ಮೂರ್ತಿಗಳೇ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಾಧಿಕಾರಿ ಹತ್ರ ಕೇಳ್ಕೊಂಡೇ ಮುಂದುವರೀಬೇಕು.

ಮೂರ್ತಿ ಸರ್, 12:35
ಕೊಂಬೆ ಅಂದೆ, ಮರ ಅಂದ್ನಾ?

ಪದ್ಮಾ ಆಂಟಿ, ಬೆಳಿಗ್ಗೆ 6:10
🌸 ಶುಭೋದಯ 🌸 ಆ ಹೊಂಗೆ ನಮ್ಮ ಯಜಮಾನರು ನೆಟ್ಟಿದ್ದು. ಯಾರಾದರೂ ಮುಟ್ಟಿ ನೋಡಿ.

ಸುಮಾ, 7:40
ಡಬ್ಬಿ ಸಿಕ್ತು, ತಣ್ಣಗೇ ಇದೆ. ಥ್ಯಾಂಕ್ಸ್ ಬಸವರಾಜ್ ಅವರೇ. ಬೋರ್ಡಿನ ವಿಷಯ ಭಾನುವಾರಾನೇ ಮುಗಿಸೋಣ್ವಾ? ನನ್ನ 300 ಇವತ್ತೇ ಕೊಡ್ತೀನಿ.

ಮೂರ್ತಿ ಸರ್, 7:52
ಭಾನುವಾರ 10ಕ್ಕೆ ಸಭೆ, ಪಾರ್ಕ್ ಕಲ್ಲುಬೆಂಚಿನ ಹತ್ರ. ವಿಷಯ: ಹೊಂಗೆ ಮರ. ಬೋರ್ಡು "ಇತರೆ"ಯಲ್ಲಿ, ಸಮಯ ಉಳಿದರೆ.

ಡಾ. ಮೇಡಂ, 7:58
ಭಾನುವಾರ ನನಗೆ ಡ್ಯೂಟಿ. ಬೋರ್ಡು ಒಂದನ್ನೇ ಮುಗಿಸಿ ಸಾಕು.

ಮೂರ್ತಿ ಸರ್, 8:03
ಕೊಂಬೆ ತೆಗೀಬೇಕು / ಬೇಡ. ಎಲ್ಲರೂ ವೋಟ್ ಹಾಕಿ. ಬಾಡಿಗೆಯವರು ಹಾಕೋ ಹಾಗಿಲ್ಲ.

ಬಸವರಾಜ, 8:05
ಆತ್ರಿ.

ಪ್ರಸನ್ನ, 8:06
ಚಪ್ಪಲಿಗೆ ಎಷ್ಟೊತ್ತಿಗೆ ಬರಲಿ ಬಸವರಾಜಣ್ಣ?