ಬೀಮ್ ಕತ್ತರಿಸದೆ ಮುಂದೆ ಇಂಟರ್‌ಕೂಲರ್ ಕೂರಿಸಬಹುದಾ? ಹಳೆ ಆಕ್ಟೇವಿಯಾ ಡೀಸೆಲ್, ಬೆಳಗಾವಿ

ಟಿಡಿಐ ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಸ್ಕೋಡಾ ಆಕ್ಟೇವಿಯಾ, 1.9 ಟಿಡಿಐ. ಅಪ್ಪ ಕೊಂಡ ಗಾಡಿ, ಈಗ ನನ್ನ ಕೈಯಲ್ಲಿದೆ, ಮಾರುವ ಮಾತೇ ಇಲ್ಲ. ಹೋದ ವರ್ಷ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸಿದೆ. ಬೆಳಗ್ಗೆ ತಂಪಿನಲ್ಲಿ ಚೆನ್ನಾಗಿ ಎಳೆಯುತ್ತದೆ. ಆದರೆ ಅಕ್ಕನ ಮನೆ ವಿಜಯಪುರದಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮುಧೋಳ, ಜಮಖಂಡಿ ಮೇಲೆ ಹೋಗುವಾಗ ಹೊರಗೆ 40 ಡಿಗ್ರಿ ಬಿಸಿಲು. ಎರಡು ಮೂರು ಲಾರಿ ಓವರ್‌ಟೇಕ್ ಮಾಡುವಷ್ಟರಲ್ಲಿ ಎಳೆತ ಬಿದ್ದು ಹೋಗುತ್ತದೆ.

ಈ ಗಾಡಿಯ ಇಂಟರ್‌ಕೂಲರ್, ಅಂದರೆ ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್‌ಗೆ ಹೋಗುವ ಮೊದಲು ತಂಪು ಮಾಡುವ ಭಾಗ, ಬಲಗಡೆ ಚಕ್ರದ ಮುಂದೆ, ಬಂಪರಿನ ಮೂಲೆಯಲ್ಲಿ ಇದೆ. ಸಣ್ಣದು. ಅದನ್ನು ತೆಗೆದು ಮುಂದೆ, ಗ್ರಿಲ್ ಹಿಂದೆ ದೊಡ್ಡದು ಹಾಕಿಸೋಣ ಅಂತ ಒಂದು ಗ್ಯಾರೇಜಿಗೆ ಹೋದೆ. ಅವರು ಬಂಪರ್ ಬಿಚ್ಚಿ ಅದರ ಹಿಂದಿನ ಅಡ್ಡ ಬೀಮ್ ತೋರಿಸಿದರು. "ಈ ಬೀಮ್ ಅಡ್ಡ ಬರುತ್ತದೆ, ಮಧ್ಯದಲ್ಲಿ ಕತ್ತರಿಸೋಣ, ಬೇಕಾದರೆ ಹೊರಗಡೆ ಬುಲ್ ಗಾರ್ಡ್ ಹಾಕಿಕೊಡುತ್ತೇನೆ" ಅಂದರು. ಗ್ರೈಂಡರ್ ಕೈಗೆ ತೆಗೆದುಕೊಂಡೂ ಆಗಿತ್ತು. ನಾನು ಬೇಡ ಅಂದು ಬಂಪರ್ ಹಾಕಿಸಿಕೊಂಡು ಬಂದೆ.

ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಕೂರುತ್ತಾರೆ. ಬೀಮ್ ಹಾಗೇ ಉಳಿಸಿ ಈ ಕೆಲಸ ಆಗುತ್ತದಾ? ರೇಡಿಯೇಟರ್ ಮುಂದೆ ಇನ್ನೊಂದು ಕೋರ್ (ಇಂಟರ್‌ಕೂಲರಿನ ಜಾಲರಿ) ನಿಲ್ಲಿಸಿದರೆ ಎಂಜಿನ್ ಕಾಯುವುದಿಲ್ಲವಾ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಖಾನಾಪುರ ರಸ್ತೆ:

ಅಣ್ಣಾ, ಬೀಮ್‌ಗೆ ಗ್ರೈಂಡರ್ ಹಚ್ಚಿಸಬೇಡಿ. ನಾನು ಹಚ್ಚಿಸಿದ್ದೆ. ಬೇರೆ ಗಾಡಿ, ಆದರೆ ಇದೇ ಕೆಲಸ. ದೊಡ್ಡ ಕೋರ್ ಕೂರಲಿ ಅಂತ ಬೀಮಿನ ಕೆಳಗಿನ ಅರ್ಧವನ್ನು ಒಂದೂವರೆ ಅಡಿ ಉದ್ದಕ್ಕೆ ತೆಗೆದರು. ಬಂಪರ್ ಹಾಕಿದ ಮೇಲೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಎರಡು ವರ್ಷ ಹಾಗೇ ಓಡಿಸಿದೆ.

ಹೋದ ಮಳೆಗಾಲದಲ್ಲಿ ಗೋವಾದಿಂದ ಚೋರ್ಲಾ ಘಾಟ್ ಮೇಲೆ ವಾಪಸ್ ಬರುತ್ತಿದ್ದೆವು. ಕಣಕುಂಬಿ ದಾಟಿ ಜಾಂಬೋಟಿ ಕಡೆ, ರಾತ್ರಿ ಒಂಬತ್ತೂವರೆ. ಕಾಡುಹಂದಿ ಅಡ್ಡ ಬಂತು. 50ರ ಆಸುಪಾಸು ಸ್ಪೀಡ್ ಇತ್ತು, ಬ್ರೇಕ್ ಒತ್ತಿದ್ದೆ. ಸರಿಯಾಗಿ ಮಧ್ಯಕ್ಕೇ ಬಡಿಯಿತು. ಬೀಮ್ ಕತ್ತರಿಸಿದ ಜಾಗದಲ್ಲೇ ಮಡಚಿಕೊಂಡಿತು. ಇಂಟರ್‌ಕೂಲರ್ ಹಿಂದಕ್ಕೆ ಹೋಗಿ ಎಸಿ ಕಂಡೆನ್ಸರ್‌ಗೆ, ಅದು ರೇಡಿಯೇಟರ್‌ಗೆ, ರೇಡಿಯೇಟರ್ ಫ್ಯಾನಿಗೆ. ಟಾರ್ಚ್ ಹಾಕಿ ನೋಡಿದರೆ ಹಸಿರು ಕೂಲಂಟ್ ಮಳೆ ನೀರಿನ ಜೊತೆ ರಸ್ತೆ ಅಂಚಿಗೆ ಹರಿಯುತ್ತಿತ್ತು. ನೆಟ್‌ವರ್ಕ್ ಇಲ್ಲ. ಹಿಂದೆ ಮಗಳು ಅಳುತ್ತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ದೇವರ ದಯೆ.

ಆಮೇಲೆ ಇನ್ಶೂರೆನ್ಸ್ ಸರ್ವೇಯರ್ ಬಂದು ಬೀಮ್ ಮೇಲಿನ ಗ್ರೈಂಡರ್ ಗುರುತಿನ ಫೋಟೋ ತೆಗೆದುಕೊಂಡರು. ಕ್ಲೇಮ್ ಸಿಗಲಿಲ್ಲ.

ಉದ್ಯಮಬಾಗ ಆರ್ಗಾನ್:

ಉದ್ಯಮಬಾಗದಲ್ಲಿ ನಮ್ಮ ಶೆಡ್ ಇದೆ. ಹೈಡ್ರಾಲಿಕ್ ಟ್ಯಾಂಕು, ಆಯಿಲ್ ಕೂಲರ್ ದಿನದ ಕೆಲಸ. ಇಂಟರ್‌ಕೂಲರ್ ಕೂಡ ಆಗಾಗ ಮಾಡುತ್ತೇವೆ. ಬೀಮ್ ಕತ್ತರಿಸಿ ಅಂತ ಬಂದವರನ್ನು ಹತ್ತು ವರ್ಷದಿಂದ ವಾಪಸ್ ಕಳಿಸುತ್ತಿದ್ದೇನೆ.

ಬೀಮ್ ಇರುವುದು ಒಂದು ಕಡೆ ಬಿದ್ದ ಏಟನ್ನು ಎರಡೂ ಕಡೆಯ ಚಾಸಿ ರೈಲಿಗೆ (ಗಾಡಿಯ ಉದ್ದಕ್ಕೆ ಹೋಗುವ ಪಟ್ಟಿಗೆ) ಹಂಚುವುದಕ್ಕೆ. ಏಟು ಮಧ್ಯಕ್ಕೆ ಬಿದ್ದರೆ ಬಗ್ಗಿಸುವ ಒತ್ತಡ ಎಲ್ಲಕ್ಕಿಂತ ಜಾಸ್ತಿ ಬರುವುದೂ ಮಧ್ಯಕ್ಕೇ, ಅಂದರೆ ಇವರು ಕತ್ತರಿಸುವ ಜಾಗಕ್ಕೇ. ಅದು ಡಬ್ಬಿಯ ಹಾಗೆ ನಾಲ್ಕೂ ಕಡೆ ಮುಚ್ಚಿದ ಪಟ್ಟಿ. ಒಂದು ಗೋಡೆ ತೆಗೆದರೆ ಬರೀ ಚಾನೆಲ್. ಒಂದು ರಟ್ಟಿನ ಡಬ್ಬಿಯನ್ನು ಹಿಡಿದು ತಿರುಚಿ ನೋಡಿ, ಆಮೇಲೆ ಒಂದು ಬದಿ ಕತ್ತರಿಸಿ ಮತ್ತೆ ತಿರುಚಿ. ಕೈಗೇ ಗೊತ್ತಾಗುತ್ತದೆ. ಕತ್ತರಿಸಿದ ಮೇಲೆ ಪಟ್ಟಿ ಇಟ್ಟು ವೆಲ್ಡ್ ಮಾಡಿದರೆ ಸರಿಹೋಗುತ್ತದೆ ಅನ್ನುವುದೂ ತಪ್ಪು. ಗಟ್ಟಿ ಉಕ್ಕು ವೆಲ್ಡಿಂಗ್ ಬಿಸಿಗೆ ಆ ಜಾಗದಲ್ಲಿ ಮೆತ್ತಗಾಗುತ್ತದೆ.

ಬುಲ್ ಗಾರ್ಡ್ ಮಾತು ಬಿಟ್ಟುಬಿಡಿ. ಅದು ಏಟನ್ನು ನೇರ ಚಾಸಿಗೆ ದಾಟಿಸುತ್ತದೆ. ಗಾಡಿಯ ಮುಂಭಾಗ ಹೇಗೆ ನಜ್ಜುಗುಜ್ಜಾಗುತ್ತದೆ ಅನ್ನುವ ಲೆಕ್ಕದ ಮೇಲೆ ಏರ್‌ಬ್ಯಾಗ್ ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡಬೇಕು. ಆ ಲೆಕ್ಕವೇ ತಪ್ಪುತ್ತದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರದ ಸಾರಿಗೆ ಇಲಾಖೆ ಇಂಥ ಗಾರ್ಡ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ.

ಈಗ ನಿಜವಾದ ಪ್ರಶ್ನೆ. ದೊಡ್ಡದು ಹಾಕಿದರೆ ಎಷ್ಟು ಸಿಗುತ್ತದೆ? ಹೊರಗೆ 40 ಡಿಗ್ರಿ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) 1 ಬಾರ್, ಟರ್ಬೊ ದಕ್ಷತೆ 70 ಪ್ರತಿಶತ ಅಂತ ಹಿಡಿಯಿರಿ. ಟರ್ಬೊದಿಂದ ಹೊರಬರುವ ಗಾಳಿ ಸುಮಾರು 138 ಡಿಗ್ರಿ. ಏರಿದ 98 ಡಿಗ್ರಿಯಲ್ಲಿ 70 ಪ್ರತಿಶತ ಇಳಿಸುವ ಇಂಟರ್‌ಕೂಲರ್ ಆದರೆ ಎಂಜಿನ್‌ಗೆ 69 ಡಿಗ್ರಿ ಗಾಳಿ ಹೋಗುತ್ತದೆ. 85 ಪ್ರತಿಶತ ಇಳಿಸುವ ಒಳ್ಳೇದು ಹಾಕಿದರೆ 55. ಗಾಳಿಯ ಸಾಂದ್ರತೆಯಲ್ಲಿ ಸಿಗುವ ಲಾಭ 4 ಪ್ರತಿಶತ, ಅಷ್ಟೇ. ನಿಮ್ಮ ಗಾಡಿಗೆ ಆಗಿರುವ ನಷ್ಟ ಅದಕ್ಕಿಂತ ತುಂಬಾ ಜಾಸ್ತಿ ಅನ್ನಿಸುತ್ತದೆ. ಅಂದರೆ ಈಗಿರುವ ಇಂಟರ್‌ಕೂಲರ್ ತನ್ನ ಕೆಲಸವನ್ನೇ ಮಾಡುತ್ತಿಲ್ಲ.

ಇನ್ನೊಂದು ಮಾತು. ಆ ಗಾಳಿಯಿಂದ ತೆಗೆದ ಬಿಸಿ ಎಲ್ಲಿಗಾದರೂ ಹೋಗಲೇಬೇಕು ಅಲ್ವಾ? ನಿಮ್ಮ ಎಂಜಿನ್ 3000 ಆರ್‌ಪಿಎಂನಲ್ಲಿ ಪೂರ್ತಿ ಲೋಡ್ ಎಳೆಯುವಾಗ ಅದು ಹತ್ತಿರ ಹತ್ತಿರ 6 ಕಿಲೋವ್ಯಾಟ್. 2 ಕಿಲೋವ್ಯಾಟಿನ ರೂಮ್ ಹೀಟರ್ ಮೂರು. ಕಂಪನಿ ಕೂರಿಸಿದ ಜಾಗದಲ್ಲಿ ಈ ಬಿಸಿ ಚಕ್ರದ ಕಡೆ ಹೊರಗೆ ಹೋಗುತ್ತದೆ. ಮುಂದೆ ತಂದರೆ ಆ ಮೂರೂ ಹೀಟರು ಕಂಡೆನ್ಸರ್ ಮತ್ತು ರೇಡಿಯೇಟರ್ ಎದುರು ಉರಿಯುತ್ತವೆ. ಮೇಲಾಗಿ ಗಾಳಿಗೂ ಅಡ್ಡ.

ಅದಕ್ಕೇ ಮೊದಲು ಹಳೆಯದನ್ನು ಬಿಚ್ಚಿ ನೋಡಿ. ಒಳಗೆ ಟರ್ಬೊ ಎಣ್ಣೆ ಕೂತಿರುತ್ತದೆ, ಹೊರಗೆ ಜಾಲರಿಯ ತೆಳು ರೆಕ್ಕೆಗಳ (ಫಿನ್) ನಡುವೆ ಮಣ್ಣು. ಬಂಪರ್ ರಂಧ್ರದಿಂದ ಅದರ ಮುಖದವರೆಗೆ ಒಂದು ಪ್ಲಾಸ್ಟಿಕ್ ಡಕ್ಟ್ ಇರಬೇಕು. ಒಮ್ಮೆ ಬಂಪರ್ ಪೇಂಟ್ ಆದ ಗಾಡಿಗಳಲ್ಲಿ ಅದು ಬಹಳ ಸಲ ಇರುವುದೇ ಇಲ್ಲ. ಚಕ್ರದ ಲೈನರ್‌ನಲ್ಲಿ ಗಾಳಿ ಹೊರಹೋಗುವ ಕಿಂಡಿ ಮುಚ್ಚಿಹೋಗಿದೆಯಾ ಅದನ್ನೂ ನೋಡಿ.

ಇಷ್ಟಾದ ಮೇಲೂ ಬೇಕು ಅಂದರೆ ಬೀಮಿನ ಕೆಳಗೆ ಎಷ್ಟು ಜಾಗ ಇದೆಯೋ ಅಷ್ಟೇ ಎತ್ತರದ ಕೋರ್ ತೆಗೆದುಕೊಳ್ಳಿ. ದಪ್ಪ 50, 60 ಮಿ.ಮೀ. ದಾಟಬೇಡಿ, ಅಗಲ ಜಾಸ್ತಿ ಇರಲಿ. ಬೀಮ್ ಮುಂದಿನ ಫೋಮ್ ತೆಗೆದು ಆ ಜಾಗದಲ್ಲಿ ಕೋರ್ ಇಡುವವರೂ ಇದ್ದಾರೆ. ಆಗ ಪಾರ್ಕಿಂಗ್‌ನಲ್ಲಿ ಗೋಡೆಗೆ ತಾಗಿದರೂ ಕೋರ್ ಹೋಯಿತು. ಕೋರನ್ನು ರಬ್ಬರ್ ಬುಷ್ ಮೇಲೆ ಕೂರಿಸಿ. ಬೀಮ್‌ಗೆ ಹೊಸ ತೂತು ಬೇಡ. ಪೈಪಿನ ತುದಿಗೆ ಬೀಡ್ (ಸುತ್ತ ಉಬ್ಬಿದ ಅಂಚು) ಏರಿಸದೆ ಹೋಸ್ ಹಾಕಿದರೆ ಬೂಸ್ಟ್ ಬಂದಾಗ ಕಿತ್ತು ಬರುತ್ತದೆ. ನಮ್ಮ ಹಂಪ್‌ಗಳ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ, ಅಡಿಯಲ್ಲಿ ಒಂದು ತಗಡು ಬೇಕೇ ಬೇಕು.

ವಿಜಯಪುರ ಬಿಸಿಲು:

ಮೇಲಿನವರ ಮಾತಿಗೆ ಒಂದೇ ಸೇರಿಸುತ್ತೇನೆ. ಈ ಗಾಡಿಗಳ ಟೆಂಪರೇಚರ್ ಮೀಟರಿನ ಮುಳ್ಳು ನಂಬಬೇಡಿ. ಕೂಲಂಟ್ ಸ್ವಲ್ಪ ಮೇಲೆ ಕೆಳಗೆ ಆದರೂ ಮುಳ್ಳು 90ರಲ್ಲೇ ನಿಲ್ಲುವ ಹಾಗೆ ಕಂಪನಿಯೇ ಮಾಡಿದೆ. ಮುಳ್ಳು ಎದ್ದಿತು ಅಂದರೆ ತಡವಾಗಿದೆ ಅಂತಲೇ ಅರ್ಥ. ಡಯಾಗ್ನಾಸ್ಟಿಕ್ ಕೇಬಲ್ ಹಾಕಿ ನಿಜವಾದ ಅಂಕಿ ನೋಡಿ. ಇಂಟರ್‌ಕೂಲರ್ ದಾಟಿದ ಗಾಳಿಯ ತಾಪಮಾನವೂ ಅಲ್ಲೇ ಸಿಗುತ್ತದೆ.

ನಾನು ಇಲ್ಲಿ ಮೇ ತಿಂಗಳಲ್ಲಿ ಕಲಿತಿದ್ದು ಏನಂದರೆ, ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಗ್ರಿಲ್‌ನಿಂದ ಒಳಬಂದದ್ದು ರೇಡಿಯೇಟರ್ ಪಕ್ಕದ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಆ ಸಂದಿಗಳಿಗೆ ಫೋಮ್ ಪಟ್ಟಿ, ಅಲ್ಯೂಮಿನಿಯಂ ತಗಡು ಕೊಟ್ಟು ಮುಚ್ಚಿ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಒಡೆದಿದ್ದರೆ ಬದಲಿಸಿ. ಸಿಗ್ನಲ್‌ನಲ್ಲಿ ನಿಂತಾಗ ಎಲ್ಲಾ ಭಾರ ಫ್ಯಾನಿನ ಮೇಲೇ. ಎಸಿ ಮೊದಲು ಸೋಲುತ್ತದೆ, ಆಮೇಲೆ ಎಂಜಿನ್.

ಟಿಡಿಐ ಬೆಳಗಾವಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ನಾನೇ ಬಿಚ್ಚಿದೆ. ಇಂಟರ್‌ಕೂಲರ್ ಓರೆ ಮಾಡಿ ಹಿಡಿದರೆ ಒಂದು ಚಹಾ ಲೋಟದಷ್ಟು ಕಪ್ಪು ಎಣ್ಣೆ ಸುರಿಯಿತು. ಮುಖದ ಮೇಲೆ ಅರ್ಧಕ್ಕೂ ಜಾಸ್ತಿ ಕೆಂಪು ಮಣ್ಣು ಗಟ್ಟಿಯಾಗಿತ್ತು, ನಡುವೆ ಚಿಟ್ಟೆಯ ರೆಕ್ಕೆಗಳು. ಡಕ್ಟ್ ಇರಲೇ ಇಲ್ಲ. ಉದ್ಯಮಬಾಗದ ಅಣ್ಣ ಹೇಳಿದ್ದು ಅಕ್ಷರಶಃ ನಿಜ.

ಒಳಗೆ ಸೀಮೆಎಣ್ಣೆ ಹಾಕಿ ಮೂರು ಸಲ ಕುಲುಕಿ ತೊಳೆದೆ, ಆಮೇಲೆ ಸೋಪಿನ ನೀರು, ಒಂದು ದಿನ ಪೂರ್ತಿ ಬಿಸಿಲಲ್ಲಿ ಒಣಗಿಸಿದೆ. ಡಕ್ಟ್ ತಗಡಿನಲ್ಲಿ ಮಾಡಿಸಿ ಅಂಚಿಗೆ ರಬ್ಬರ್ ಕೊಟ್ಟೆ. ಬೆಳಗ್ಗೆ ವಂಟಮುರಿ ಘಾಟ್ ಏರಿ ನೋಡಿದೆ. ಬಿಚ್ಚುವ ಮೊದಲು ಅದೇ ಏರಿನಲ್ಲಿ, ಅದೇ ಹೊತ್ತಿನಲ್ಲಿ ಇಂಟರ್‌ಕೂಲರ್ ದಾಟಿದ ಗಾಳಿ 81 ಡಿಗ್ರಿ ಬಂದಿತ್ತು. ಈಗ 58. ಕೂಲಂಟ್ 93ಕ್ಕಿಂತ ಮೇಲೆ ಹೋಗಲಿಲ್ಲ.

ಬೀಮ್ ಕೆಳಗಿನ ಜಾಗವನ್ನೂ ಅಳೆದೆ, 140 ಮಿ.ಮೀ. ಸಿಗುತ್ತದೆ. ಕೋರ್ ಸದ್ಯಕ್ಕೆ ಬೇಡ. ಶನಿವಾರ ಅಕ್ಕನ ಮನೆಗೆ ಹೊರಟಿದ್ದೇವೆ, ಬೇಕಂತಲೇ ಮಧ್ಯಾಹ್ನ. ಜಮಖಂಡಿ ದಾಟಿದ ಮೇಲೆ ಎಷ್ಟು ಡಿಗ್ರಿ ಬಂತು ಅಂತ ಇಲ್ಲೇ ಬರೆಯುತ್ತೇನೆ. ಖಾನಾಪುರದ ಅಣ್ಣಾ, ನಿಮ್ಮ ಗಾಡಿಗೆ ಹೊಸ ಬೀಮ್ ಸಿಕ್ಕಿತಾ? ಇಲ್ಲದಿದ್ದರೆ ಹೇಳಿ, ಇಲ್ಲಿ ಹಳೆ ಸ್ಪೇರ್ ಇಟ್ಟುಕೊಂಡಿರುವ ಒಬ್ಬರು ನನಗೆ ಗೊತ್ತು.