ಅಪ್‌ಡೇಟ್: ಸಿನಿಮಾ ಧಾರಾವಾಹಿಯಂತೆ ಕಾಣುತ್ತಿದ್ದುದು ಟಿವಿ ಸೆಟ್ಟಿಂಗ್‌ನಿಂದ

ಹೊಸ ಟಿವಿಯಲ್ಲಿ ಸಿನಿಮಾಗಳೆಲ್ಲ ಧಾರಾವಾಹಿಯಂತೆ ಕಾಣುತ್ತವೆ, ಛಾಯಾಗ್ರಹಣವೇ ಕಳಪೆಯೇ ಎಂದು ಕೇಳಿದ್ದೆ. ಕಾರಣ ಸಿಕ್ಕಿತು: ಮೋಷನ್ ಸ್ಮೂದಿಂಗ್. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಟಿವಿ ತಾನೇ ಊಹಿಸಿದ ಫ್ರೇಮ್‌ಗಳನ್ನು ನಡುವೆ ತುರುಕಿ 60 ಅಥವಾ 120 ಮಾಡುತ್ತದೆ; ಚಲನೆ ಅತಿ ನಯವಾಗಿ, ಧಾರಾವಾಹಿಯಂತೆ ಕಾಣುತ್ತದೆ. ವೇಗದ ಹೊಡೆದಾಟದಲ್ಲಿ ಊಹೆ ತಪ್ಪಿ ಕೈ, ತಲೆಯ ಅಂಚು ಕಲಸಿಹೋಗುತ್ತದೆ.

ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಮೋಷನ್’ ಎಂದಿರುವುದನ್ನು ಆಫ್ ಮಾಡಿ. ಹೆಸರು ಕಂಪನಿಗೊಂದು ಥರ. ಸಿನಿಮಾವನ್ನು ತೆಗೆದಂತೆಯೇ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಆನ್ ಮಾಡಿದರೆ ಸಾಕು. ಎಚ್‌ಡಿಆರ್‌ಗೂ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ವಿಡಿಯೊ) ಪ್ರತಿ ಎಚ್‌ಡಿಎಂಐಗೂ (ಸೆಟ್‌ಟಾಪ್ ಬಾಕ್ಸ್‌ನಂಥವನ್ನು ಜೋಡಿಸುವ ಕಿಂಡಿ) ಸೆಟ್ಟಿಂಗ್ ಬೇರೆಯಾಗಿ ಉಳಿಯಬಹುದು, ಎಲ್ಲೆಡೆ ನೋಡಿ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ತುಸು ಕುಲುಕು ಕಂಡರೆ ಗಾಬರಿ ಬೇಡ: 60 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ತೋರಿಸುವ ಪರದೆ, 24 ಫ್ರೇಮ್‌ಗಳನ್ನು ಸಮವಾಗಿ ಹಂಚಲಾಗದೆ ಒಂದು ಫ್ರೇಮನ್ನು 3 ಸಲ, ಮುಂದಿನದನ್ನು 2 ಸಲ ತೋರಿಸುತ್ತದೆ.

ಛಾಯಾಗ್ರಹಣದ ಬಗ್ಗೆ ಬರೆದಿದ್ದ ಅಭಿಪ್ರಾಯವನ್ನು ಹಿಂದಕ್ಕೆ ಪಡೆದಿದ್ದೇನೆ.