ಔಟ್‌ಸ್ಮಾರ್ಟ್ ಅಂದ್ರೆ ಮೋಸ ಮಾಡೋದಾ?

ಆಲೂರು ಕಡೆಯ ರೈತ:
ಮಗಳು ಒಂಬತ್ತನೇ ಕ್ಲಾಸು. ನಮ್ಮ ಗದ್ದೆಗೆ ಆನೆ ಬಂದದ್ದನ್ನು ಇಂಗ್ಲಿಷ್ ಪ್ರಬಂಧದಲ್ಲಿ ಬರೆದಿದ್ದಳು. 'ಎಲಿಫೆಂಟ್ಸ್ ಚೀಟೆಡ್ ಅಸ್' ಅಂತ ಒಂದು ಸಾಲು. ಟೀಚರ್ ಕೆಂಪು ಪೆನ್ನಲ್ಲಿ 'ಚೀಟೆಡ್' ಹೊಡೆದು 'ಔಟ್‌ಸ್ಮಾರ್ಟೆಡ್' ಅಂತ ಮಾಡಿದ್ದಾರೆ. ಏನು ವ್ಯತ್ಯಾಸ?

ನಡೆದದ್ದು ಹೇಳ್ತೀನಿ. ಹೋದ ನವೆಂಬರ್‌ನಲ್ಲಿ ಭತ್ತ ಬಲಿಯುವ ಹೊತ್ತಿಗೆ ಸಾಲ ಮಾಡಿ ಸೋಲಾರ್ ಬೇಲಿ ಹಾಕಿಸಿದೆ. ಎಂಟು ದಿನ ಆನೆ ಸುಳಿಯಲಿಲ್ಲ. ಒಂಬತ್ತನೇ ರಾತ್ರಿ ಲಟಲಟ ಸದ್ದು. ಬೆಳಿಗ್ಗೆ ನೋಡಿದರೆ ಬೇಲಿಯಾಚೆಯ ಸಿಲ್ವರ್ ಮರ ತಂತಿಯ ಮೇಲೆ ಬಿದ್ದಿದೆ. ತಂತಿ ನೆಲ ಕಚ್ಚಿದೆ. ಪಕ್ಕದಲ್ಲೇ ಸಾಲಾಗಿ ಹೆಜ್ಜೆ, ಒಂದು ಮರಿಯದ್ದೂ ಇತ್ತು. ಉಳಿದ ಭತ್ತ ಮೂರು ಮೂಟೆಯೂ ಆಗಲಿಲ್ಲ. ಇದು ಮೋಸ ಅಲ್ವಾ?

ಹಾಸನದ ಮೇಷ್ಟ್ರು:
ಅಣ್ಣ, ಓದಿ ಬೇಜಾರಾಯಿತು. ಆದರೆ ಟೀಚರ್ ತಿದ್ದಿದ್ದು ಸರಿ. ನಂಬಿಸಿ ಕೈಕೊಟ್ಟರೆ, ಆಟದ ನಿಯಮ ಮುರಿದರೆ ಅದು ಚೀಟ್. ಆನೆ ನಿಮಗೆ ಮಾತು ಕೊಟ್ಟಿರಲಿಲ್ಲ. ಔಟ್‌ಸ್ಮಾರ್ಟ್ ಅಂದರೆ ಬುದ್ಧಿಯಲ್ಲಿ ಹಿಂದೆ ಹಾಕುವುದು. ಔಟ್‌ರನ್ ಅಂದರೆ ಓಟದಲ್ಲಿ ಹಿಂದೆ ಹಾಕುವುದು, ಔಟ್‌ಲಿವ್ ಅಂದರೆ ಇನ್ನೊಬ್ಬರಿಗಿಂತ ಜಾಸ್ತಿ ಕಾಲ ಬದುಕುವುದು. ಇದೂ ಅದೇ ಜಾತಿ. ಯಾರು ಸೋತರೋ ಅವರ ಹೆಸರು ಕ್ರಿಯಾಪದದ ಪಕ್ಕದಲ್ಲೇ ಬರಬೇಕು. ನಡುವೆ 'ಟು', 'ವಿತ್' ಬೇಡ. ಔಟ್‌ವಿಟ್ ಅಂದರೂ ಹೆಚ್ಚುಕಡಿಮೆ ಇದೇ ಅರ್ಥ. ಔಟ್‌ಫಾಕ್ಸ್‌ನಲ್ಲಿ ಮಾತ್ರ ನರಿಬುದ್ಧಿ ಸೇರಿಕೊಂಡಿದೆ, ಆನೆಗೆ ಅದು ಒಪ್ಪುವುದಿಲ್ಲ.

ಮೂಡಿಗೆರೆಯವಳು:
ಕನ್ನಡದಲ್ಲಿ ಇದಕ್ಕೆ ಚೆಂದದ ಮಾತಿದೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ! ಏಮಾರಿಸು, ಟೋಪಿ ಹಾಕು ಎಲ್ಲ ಮೋಸದ ಕಡೆಗೇ ಹೋಗುತ್ತವೆ. ನಮ್ಮ ತೋಟದಲ್ಲಿ ಒಂಟಿ ಸಲಗವೊಂದು ಸೊಂಡಿಲನ್ನು ಮೇಲಕ್ಕೆತ್ತಿಕೊಂಡು, ದಂತದಲ್ಲೇ ಬೇಲಿ ಕಂಬವನ್ನು ದೂಡಿ ಮಲಗಿಸಿತು. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅಂತ ಅದಕ್ಕೆ ಗೊತ್ತು. ನನಗಂತೂ ಸಿಟ್ಟು ಬರಲೇ ಇಲ್ಲ, ನಿಂತು ನೋಡಿದೆ. ಅಣ್ಣ, ತಂತಿಗೆ ತಾಗುವಷ್ಟು ಹತ್ತಿರ ಮರ ಇದ್ದರೆ ಮೊದಲು ಕೊಂಬೆ ಸವರಿಸಿ.

ಆಲೂರು ಕಡೆಯ ರೈತ:
ಇನ್ನೂ ಎರಡು ಮರ ಹಾಗೇ ಇವೆ ಅಕ್ಕ, ಈ ವಾರವೇ ಸವರಿಸುತ್ತೇನೆ. ಮಗಳಿಗೆ ಎಲ್ಲ ಓದಿ ಹೇಳಿದೆ. 'ಔಟ್‌ಸ್ಮಾರ್ಟೆಡ್ ದ ಫೆನ್ಸ್' ಅಂತ ಬರೆಯಬಹುದಾ ಅಂತ ಕೇಳುತ್ತಿದ್ದಾಳೆ.

ಹಾಸನದ ಮೇಷ್ಟ್ರು:
ಬರೆಯಬಹುದು. ಆದರೆ 'ಅಸ್' ಅಂತಲೇ ಇರಲಿ ಅನ್ನಿ. ತಲೆ ಓಡಿಸಿದ್ದು ಬೇಲಿ ಅಲ್ಲವಲ್ಲ, ನೀವು.